ಕೇಲೆಬ್ ಬಿಸೆಲ್‌ನ ಮಂಡಿ

ಇಂಗ್ಲೆಂಡಿನ ಮಣ್ಣಲ್ಲಿ ಹುಟ್ಟಿದ ಮುಷ್ಟಿಕಾಳಗದವರಲ್ಲಿ ಯಾರು ದೊಡ್ಡವರು ಎಂದು ನಾಟಿಂಗ್‌ಹ್ಯಾಮಿನ ಹೆಂಡದಂಗಡಿಗಳಲ್ಲಿ ಜಗಳ ಹತ್ತಿಕೊಂಡರೆ, ಏಳನೆಯದೋ ಎಂಟನೆಯದೋ ಹೆಸರಾಗಿ ನನ್ನದೂ ಬರುತ್ತದೆ. ಜೇಬೆಝ್ ಫೆರಡೆ, ಹತ್ತೊಂಬತ್ತು ಕಾಳಗ, ಒಂದೇ ಸೋಲು. ಕೇಲೆಬ್ ಬಿಸೆಲ್‌ನ ಹೆಸರನ್ನು ಯಾರೂ ಎತ್ತುವುದಿಲ್ಲ. ಅವನು ಕಣಕ್ಕಿಳಿದದ್ದು ಆರು ಸಲ. ಆರನೆಯ ಸಲ ನನ್ನ ಕೈಯಲ್ಲಿ ಸತ್ತ.

ನಾವಿಬ್ಬರೂ ಟಿಪ್ಟನ್ನಿನವರು. ನಾನು ಕಬ್ಬಿಣ ಕಾಯಿಸಿ ಮೊಳೆ ಬಡಿಯುವವನು, ಅವನು ಕಲ್ಲಿದ್ದಲ ಗಣಿಯವನು. ಆಗ ನನಗೆ ಇಪ್ಪತ್ನಾಲ್ಕು, ಅವನಿಗೆ ಇಪ್ಪತ್ತೆರಡು. ಅವನ ಅಪ್ಪ ಎಲೈ ಬಿಸೆಲ್ ಒಂದು ಕಾಲಕ್ಕೆ ಇಡೀ ಸ್ಟಾಫರ್ಡ್‌ಶೈರನ್ನು ನಡುಗಿಸಿದ್ದವನು. ಎಡಗೈ ಹೊಡೆತವನ್ನು ನಮ್ಮಿಬ್ಬರಿಗೂ ಕಲಿಸಿದ್ದು ಅವನೇ, ಗಣಿಯ ಹಿಂದಿನ ಕಸದ ದಿಬ್ಬದ ಮೇಲೆ, ಭಾನುವಾರಗಳಂದು. ನಾನು ಅವನನ್ನು ಮಾವ ಎನ್ನುತ್ತಿದ್ದೆ. ಆದರೆ ಊರಿಗೆ ಒಬ್ಬನೇ ಗಂಡು ಬೇಕಿತ್ತು, ಅದು ಯಾರೆಂದು ತಿಳಿಯಬೇಕಿತ್ತು. ಹಾಗಾಗಿ ಆ ವರ್ಷದ ಮೇ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆಗೆ, ಪೊಲೀಸರ ಕಣ್ಣು ತಪ್ಪಿಸಿ, ಕಾಲುವೆಯಾಚೆಯ ಹುಲ್ಲುಗಾವಲಿನಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದರು.

ಕೇಲೆಬ್ ಅಂಗಿ ಬಿಚ್ಚುತ್ತಲೇ ಕೆಣಕಿದ. "ಏನ್ಲಾ ಜೇಬೆಝ್, ನಿನ್ ಮೊಳೆ ಸುಮ್ನೆ ನಿಂತು ಹೊಡೆಸ್ಕೊಳ್ತಾವೆ. ನಾನು ತಿರುಗಿ ಹೊಡೀತೀನಿ, ಗೊತ್ತಲ್ಲ?"

"ಹೊಡೆಯೋದಕ್ಕೆ ಮೊದ್ಲು ಮುಖ ತೊಳ್ಕೊಂಡ್ ಬಾರಲೇ. ಮಸೀಲಿ ಮೂಗು ಎಲ್ಲಿದೆ ಅಂತಾನೇ ಕಾಣಿಸ್ತಿಲ್ಲ" ಎಂದೆ. ಜನ ಹೋ ಎಂದರು. ಅವನೂ ನಕ್ಕ.

ನಮ್ಮ ಕಾಲದಲ್ಲಿ ಕೈಗವಸು ಇರಲಿಲ್ಲ. ಒಬ್ಬ ನೆಲಕ್ಕೆ ಬಿದ್ದರೆ ಆ ಸುತ್ತು ಮುಗಿಯಿತು. ಅರ್ಧ ನಿಮಿಷ ಬಿಡುವು. ಆಮೇಲೆ ಅವನು ನಡುವಿನ ಗೆರೆಗೆ ಬಂದು ನಿಲ್ಲಬೇಕು, ಬಾರದಿದ್ದರೆ ಸೋತ ಹಾಗೆ. ಬಿದ್ದವನನ್ನು, ಅಷ್ಟೇ ಏಕೆ, ಒಂದು ಮಂಡಿ ನೆಲಕ್ಕೆ ತಾಗಿದವನನ್ನೂ ಹೊಡೆಯುವಂತಿಲ್ಲ. ಇದಿಷ್ಟೇ ಕಾನೂನು.

ಮೊದಲ ಹತ್ತು ಸುತ್ತು ಕೇಲೆಬ್‌ನದು. ನನ್ನ ಎರಡು ಹಲ್ಲು ಹೋದವು. ಪಕ್ಕೆಲುಬೊಂದು ಮುರಿದದ್ದು ನನಗೇ ಕೇಳಿಸಿತು. ನನ್ನ ಕಡೆಯವನಾಗಿ ಬಿಡುವಿನಲ್ಲಿ ಆರೈಕೆಗೆ ನಿಂತಿದ್ದ ಟೈಟಸ್ ಡ್ಯಾಂಕ್ಸ್ ಬಾಟಲಿಯ ಬ್ರಾಂದಿಯನ್ನು ಬಾಯಿಗೆ ಸುರಿದುಕೊಂಡು ನನ್ನ ಮುಖಕ್ಕೆ ಉಗುಳಿದ. "ಮೇಲೆ ಹೊಡೀಬೇಡ, ಅವನ ತಲೆ ಅಲ್ಲ, ಬಂಡೆ ಅದು. ಹೊಟ್ಟೆಗೆ ಹಾಕು" ಎಂದ. ಹೊಟ್ಟೆಗೆ ಹಾಕಿದೆ. ಇಪ್ಪತ್ತನೆಯ ಸುತ್ತಿನ ಹೊತ್ತಿಗೆ ಅವನ ಉಸಿರು ಹರಿದ ತಿದಿಯಂತೆ ಸದ್ದು ಮಾಡುತ್ತಿತ್ತು. ಕೈ ಕೆಳಗಿಳಿಯಿತು. ಆಗ ಮುಖ ಸಿಕ್ಕಿತು.

ಮೂವತ್ತೊಂದನೆಯದರಲ್ಲಿ ನನ್ನ ಬಲಗೈ ಅವನ ಹಣೆಗೆ ತಾಗಿ ಮುರಿಯಿತು. ಎಡಗೈಯೊಂದರಲ್ಲೇ ಹೊಡೆದೆ. ಅವನ ಬಲಗಣ್ಣು ಊದಿ ಮುಚ್ಚಿತು, ಆಮೇಲೆ ಎಡಗಣ್ಣೂ. ಬಿಡುವಿನಲ್ಲಿ ಎಲೈ ಮಗನನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟ ಚಾಕುವಿನಿಂದ ಕಣ್ಣ ಕೆಳಗಿನ ಊತವನ್ನು ಸೀಳಿ, ಬಾಯಿಟ್ಟು ರಕ್ತ ಹೀರಿ ಉಗಿದ.

"ಕಾಣ್ತಿದೆಯೇನೋ?"

"ಒಸಿ ಕಾಣ್ತದಪ್ಪ. ಬೆಳಕು ಕಾಣ್ತದೆ."

"ಬೆಳಕಿನ ನಡುವೆ ಕಪ್ಪಗೆ ನಿಂತಿರೋನು ಜೇಬೆಝ್. ಅವನಿಗೆ ಹೊಡಿ."

ನಲವತ್ತನೆಯ ಸುತ್ತಿನ ನಂತರ ಕೇಲೆಬ್ ಗೆರೆಗೆ ಬರುತ್ತಿದ್ದುದು ನಡೆದುಕೊಂಡಲ್ಲ. ಎಲೈ ಭುಜ ಹಿಡಿದು ತಂದು, ನನ್ನತ್ತ ತಿರುಗಿಸಿ ನಿಲ್ಲಿಸಿ ಹೋಗುತ್ತಿದ್ದ. ಅವನ ಒಂದು ಕಿವಿಯಿಂದ ತೆಳ್ಳಗೆ ಏನೋ ಇಳಿಯುತ್ತಿತ್ತು. ಜನರಲ್ಲಿ ಅರ್ಧದಷ್ಟು ಮಂದಿ "ಸಾಕು, ಬಿಡಿಸಿ!" ಎಂದರು. ಇನ್ನರ್ಧ "ಮುಗಿಸೋ!" ಎಂದರು.

ನಾನು ಗೆರೆಯ ಮೇಲೆ ನಿಂತೇ ಕೂಗಿದೆ. "ಮಾವ, ಕರ್ಕೊಂಡ್ ಹೋಗು ಅವನ್ನ. ಸಾಯ್ತಾನೆ."

"ನಿನ್ ಬಾಯಿ ಮುಚ್ಕೊಂಡು ನಿಂತ್ಕೊಳೋ" ಎಂದ ಎಲೈ. "ನನ್ ಮಗ ಸೋತೆ ಅಂದ್ನಾ? ಅಂದಿದ್ದು ಕೇಳಿಸ್ತಾ ನಿಂಗೆ?"

ಕೇಲೆಬ್ ರಕ್ತದ ಬಾಯಲ್ಲೇ ನಕ್ಕ. "ಹೆದರ್ಕೊಂಬಿಟ್ಟ ಕಣಪ್ಪ ಇವ್ನು" ಎಂದ. ಎಂದವನೇ, ಎಲ್ಲಿತ್ತೋ ಆ ಶಕ್ತಿ, ಕುರುಡು ಹೊಡೆತವೊಂದನ್ನು ಬೀಸಿದ. ಅದು ಸರಿಯಾಗಿ ನನ್ನ ಮುರಿದ ಪಕ್ಕೆಗೇ ಬಿತ್ತು. ಕಣ್ಣು ಕತ್ತಲೆಗಟ್ಟಿತು. ಆ ನೋವಿಗೆ ಹುಟ್ಟಿದ ಸಿಟ್ಟನ್ನು ಏನೆಂದು ಹೇಳಲಿ. ಅವನು ನನಗೆ ಕೇಲೆಬ್ ಆಗಿ ಕಾಣಲಿಲ್ಲ, ಮನುಷ್ಯನಾಗಿಯೂ ಕಾಣಲಿಲ್ಲ. ಹೊಟ್ಟೆಗೆ ಎರಡು ಕೊಟ್ಟೆ. ಬಾಗಿದ. ಇನ್ನೊಂದು ಕೊಟ್ಟೆ. ಕುಸಿಯತೊಡಗಿದ. ಎಡಗೈಯನ್ನು ತೊಡೆಯ ಬಳಿಯಿಂದ ಎತ್ತಿ ಕಿವಿಯ ಹಿಂದಕ್ಕೆ ಬಾರಿಸಿದೆ.

ಒದ್ದೆ ಮಣ್ಣಿನ ಮೇಲೆ ಮೂಟೆ ಬಿದ್ದಂತೆ ಬಿದ್ದ. ಕಾಲು ಒಂದೆರಡು ಸಲ ಅದುರಿತು.

"ಮಂಡಿ ನೆಲಕ್ಕಿತ್ತು! ಮೋಸ! ಮೋಸ!" ಎಂದು ಯಾರೋ ಕಿರುಚಿದರು. ಅಷ್ಟರಲ್ಲಿ ಕಾಲುವೆಯ ಸೇತುವೆಯ ಮೇಲೆ ಪೊಲೀಸರು ಕಾಣಿಸಿಕೊಂಡರು. ಜನ ಹಗ್ಗ ಹರಿದುಕೊಂಡು ಓಡಿದರು. ತೀರ್ಪು ಹೇಳಬೇಕಾದ ಪಂಚನೂ ಓಡಿದ. ಎಲೈ ಒಬ್ಬನೇ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಪಂಜು ಹಿಂಡುತ್ತ ಕುಳಿತಿದ್ದ. ಕೇಲೆಬ್‌ನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ಮನೆಗೆ ಒಯ್ದರು. ಮರುದಿನ ಮಧ್ಯಾಹ್ನ ತೀರಿಕೊಂಡ. ನನ್ನನ್ನು ಅಂದೇ ಸಂಜೆ ಹಿಡಿದರು.

ಟೈಟಸ್ ಜೈಲಿಗೆ ಬಂದು ಕಂಬಿಯ ಆಚೆ ನಿಂತ.

"ನ್ಯಾಯವಾದ ಕಾಳಗ ಅಂತಾದ್ರೆ ಕೆಲವು ತಿಂಗಳು ಜೈಲು. ಬಿದ್ದೋನ್ನ ಹೊಡ್ದ ಅಂತಾದ್ರೆ ಕೋಳ ಹಾಕಿ ಆಸ್ಟ್ರೇಲಿಯಾಕ್ಕೆ ಸಾಗಿಸ್ತಾರೆ. ವಾಪಸ್ ಬಂದೋರಿಲ್ಲ. ಪಂಚ ಪತ್ತೆ ಇಲ್ಲ. ನನ್ ಮಾತು ಯಾರು ಕೇಳ್ತಾರೆ, ನಿನ್ ಕಡೆಯೋನು. ಎಲ್ರಿಗಿಂತ ಹತ್ರ ಇದ್ದೋನು ಎಲೈ."

"ಅವನೇನು ಹೇಳ್ತಾನಂತೆ?"

"ಯಾರ ಹತ್ರಾನೂ ಮಾತಾಡ್ತಿಲ್ಲ. ಮಗನ್ನ ಮಣ್ಣು ಮಾಡ್ದಾಗಿಂದ ಬಾಯಿ ಬಿಟ್ಟಿಲ್ಲ."

ಸ್ಟಾಫರ್ಡ್ ಕೋರ್ಟಿನಲ್ಲಿ ಎಲೈ ಸಾಕ್ಷಿಕಟ್ಟೆ ಹತ್ತಿದಾಗ ನಾನು ಅವನ ಮುಖ ನೋಡಲಿಲ್ಲ, ಕೈ ನೋಡಿದೆ. ಬೆರಳ ಗಿಣ್ಣುಗಳೆಲ್ಲ ಹಳೆಯ ಕಾಳಗಗಳಲ್ಲಿ ಸೊಟ್ಟಾದವು. ಕಟಕಟೆಯ ಮರವನ್ನು ಹಿಡಿದಿದ್ದವು.

"ಕೊನೆಯ ಹೊಡೆತ ಬೀಳುವಾಗ ನಿನ್ನ ಮಗನ ಮಂಡಿ ನೆಲಕ್ಕೆ ತಾಗಿತ್ತೇ?" ಎಂದು ನ್ಯಾಯಾಧೀಶರು ಕೇಳಿದರು.

"ಇಲ್ಲ ಸ್ವಾಮಿ."

"ಖಂಡಿತವಾಗಿ?"

"ಇಲ್ಲ ಅಂದ್ನಲ್ಲ ಸ್ವಾಮಿ. ಈ ಹುಡುಗ ನಿಲ್ಲಿಸಿ ಅಂತ ಕೂಗಿದ. ನಾನೇ ನಿಲ್ಲಿಸ್ಲಿಲ್ಲ. ಕಣ್ಣು ಕಾಣದೆ ಇದ್ದೋನ್ನ ಹೆಗಲು ಹಿಡಿದು ಗೆರೇಗೆ ತಂದು ಬಿಟ್ಟೋನು ನಾನು. ಜೈಲಿಗೆ ಹಾಕೋದಾದ್ರೆ ನನ್ನ ಹಾಕಿ."

ನನಗೆ ಮೂರು ತಿಂಗಳು ಜೈಲಾಯಿತು. ಅವನನ್ನು ಯಾರೂ ಹಾಕಲಿಲ್ಲ.

ಸೆಪ್ಟೆಂಬರಿನಲ್ಲಿ ಜೈಲಿನ ಬಾಗಿಲು ದಾಟಿ ಹೊರಗೆ ಬಂದರೆ ಎದುರಿಗೆ ಎಲೈ ನಿಂತಿದ್ದ. ಟಿಪ್ಟನ್ನಿಂದ ಇಪ್ಪತ್ತು ಮೈಲಿ ನಡೆದೇ ಬಂದಿದ್ದ, ಬೂಟಿನ ಮೇಲೆಲ್ಲ ಧೂಳು. ಬಾ ಎನ್ನದೆ ಮುಂದೆ ನಡೆದ. ನಾನೂ ಹಿಂದೆ ಹೋದೆ. ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ನಿಂತು ಕೋಟು ಬಿಚ್ಚಿ ಮಡಚಿ ಕೆಳಗಿಟ್ಟ.

"ನಾನು ನೋಡ್ಲಿಲ್ಲ ಕಣೋ" ಎಂದ. "ಬಗ್ಗಿ ಸ್ಪಂಜು ಹಿಂಡ್ತಿದ್ದೆ. ತಲೆ ಎತ್ತೋಷ್ಟ್ರಲ್ಲಿ ಬಿದ್ದಿದ್ದ. ಕಣ್ಣಾರೆ ನೋಡದೆ ಇರೋ ಮಾತಿಗೆ ಇನ್ನೊಬ್ಬ ಹುಡುಗನ್ನ ಕಡಲಾಚೆ ಕಳಿಸೋದು ಹೆಂಗೆ ಅಂತ ಇಲ್ಲ ಅಂದೆ. ಇಲ್ಲಿ ಕೋರ್ಟಿಲ್ಲ, ಯಾರೂ ಇಲ್ಲ. ನೀನು ಹೇಳು. ಮಂಡಿ ನೆಲಕ್ಕಿತ್ತಾ?"

ಮೂರು ತಿಂಗಳು ಕಲ್ಲುಗೋಡೆ ನೋಡುತ್ತ ನಾನು ಆ ಗಳಿಗೆಯನ್ನೇ ನೋಡಿದ್ದೆ. ಇಲ್ಲ ಎನ್ನುವುದು ಸುಲಭವಿತ್ತು. ಅವನೇ ಪ್ರಮಾಣ ಮಾಡಿ ಆ ಮಾತನ್ನು ನನಗಾಗಿ ಹೇಳಿಟ್ಟಿದ್ದ.

"ಇತ್ತು ಮಾವ. ಮಂಡಿ ತಾಗಿತ್ತು. ನಾನು ನೋಡ್ದೆ. ಕೈ ಆಗ್ಲೇ ಎತ್ತಿದ್ದೆ, ಆದ್ರೆ ನಿಲ್ಲಿಸ್ಬೋದಿತ್ತು. ನಿಲ್ಲಿಸ್ಲಿಲ್ಲ."

ಎಲೈ ಒಂದು ಸಲ ತಲೆಯಾಡಿಸಿದ, ಲೆಕ್ಕ ಸರಿಹೋಯಿತು ಎಂಬಂತೆ. ಆಮೇಲೆ ನನಗೆ ಕಲಿಸಿದ್ದ ಅದೇ ಎಡಗೈಯಿಂದ ಹೊಡೆದ. ಮೂಗು ಒಡೆದು ರಕ್ತ ಬಾಯಿಗೆ ಬಿಸಿಯಾಗಿ ಇಳಿಯಿತು.

"ಕೈ ಎತ್ತೋ!" ಎಂದ. ಎತ್ತಲಿಲ್ಲ. "ಎತ್ತೋ, ಹೇಡಿ ನನ್ಮಗ್ನೆ! ಎತ್ತು!" ಎನ್ನುತ್ತ ಹೊಡೆದ. ಅರವತ್ತರ ಮುದುಕನ ಹೊಡೆತಗಳಲ್ಲ ಅವು. ಹುಬ್ಬು ಸೀಳಿತು. ದವಡೆ ಕಟಕ್ಕೆಂದು ಕಳಚಿತು. ಬಿದ್ದೆ. ಎದ್ದು ಅವನ ಮುಂದೆ ಬಂದು ನಿಂತೆ. ಮತ್ತೆ ಬೀಳಿಸಿದ. ನಾಲ್ಕು ಸಲವೋ ಐದು ಸಲವೋ ಎದ್ದೆ. ಕೊನೆಗೆ ಕಾಲು ಬರಲಿಲ್ಲ, ಒಂದು ಮಂಡಿಯೂರಿ ಉಳಿದುಬಿಟ್ಟೆ. ಅವನ ಮುಷ್ಟಿ ಕಿವಿಯ ಹತ್ತಿರ ಎತ್ತಿದ್ದು ಕಂಡಿತು. ಕಣ್ಣು ಮುಚ್ಚಿಕೊಂಡೆ.

ಏನೂ ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಬೆನ್ನು ಮಾಡಿ ಕೋಟು ಹಾಕಿಕೊಳ್ಳುತ್ತಿದ್ದ. ಮುರಿದ ಬೆರಳುಗಳಿಗೆ ತೋಳು ಸಿಗದೆ ಒದ್ದಾಡುತ್ತಿದ್ದ. ನಾನು ತೆವಳಿಕೊಂಡು ಹತ್ತಿರ ಹೋಗಲು ನೋಡಿದೆ.

"ಮುಟ್ಬೇಡ" ಎಂದ. "ಟಿಪ್ಟನ್ನಿಗೆ ಬರ್ಬೇಡ. ಅವನ ತಾಯಿ ಇದ್ದಾಳೆ, ನಿನ್ನ ನೋಡೋ ಹಾಗಾಗ್ಬಾರ್ದು. ಹೊಡೆಯೋದು ಬಿಟ್ರೆ ನಿಂಗೆ ಬೇರೆ ಏನೂ ಬರಲ್ಲ, ಹೊಡ್ಕೊಂಡೇ ಬದುಕು. ಆದ್ರೆ ನನ್ ಹೆಸರು ಹೇಳ್ಬೇಡ."

ಒಂದು ತೋಳು ಖಾಲಿಯಾಗಿ ನೇತಾಡುತ್ತಿದ್ದ ಕೋಟಿನಲ್ಲೇ ರಸ್ತೆಗಿಳಿದು ಹೋದ. ನಾನು ಸಂಜೆಯವರೆಗೂ ಆ ಗೂಡಿನ ಗೋಡೆಗೆ ಒರಗಿ ಕುಳಿತೆ. ಆಮೇಲೆ ದವಡೆಗೆ ಅಂಗಿಯ ತುಂಡು ಕಟ್ಟಿಕೊಂಡು ಪೂರ್ವದ ದಾರಿ ಹಿಡಿದೆ. ನಾಟಿಂಗ್‌ಹ್ಯಾಮ್ ತಲುಪಲು ನಾಲ್ಕು ದಿನವಾಯಿತು.