ಅಮಾನತ್ ಇಟ್ಟ ಬ್ಯಾಟರಿ

ಗಿರಿಜಾಬಾಯಿಯ ಒಂದು ಕೈ ಪರಾತದ ಹಿಟ್ಟಿನಲ್ಲಿತ್ತು. ಇನ್ನೊಂದು ಕೈ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿತ್ತು. ಹೀಗಾಗಿ ತಮ್ಮ ಮಚ್ಛೇಂದ್ರ ಚಾಚಿದ ಕಾಗದವನ್ನು ಅವಳು ತೆಗೆದುಕೊಳ್ಳಲಿಲ್ಲ.

"ನೀನೇ ಓದು. ನನ್ನ ಕೈ ಹಿಟ್ಟಾಗ್ಯಾದ."

ಮಚ್ಛೇಂದ್ರ ಭಾಲ್ಕಿಯ ತೊಗರಿ ಅಡತಿಯಲ್ಲಿ ಗುಮಾಸ್ತ. ಕಾಗದ ಬರೆಯುವುದರಲ್ಲಿ ಅವನಿಗೆ ಹೆಸರಿತ್ತು. ಗಂಟಲು ಸರಿಮಾಡಿಕೊಂಡು ಓದಿದ.

"ಮಾನ್ಯರೇ, ನಾನು ಊರಲ್ಲಿ ಇಲ್ಲದ ಅವಧಿಯಲ್ಲಿ ಸದರಿ ಕರೆಂಟ್ ಸೈಕಲ್ಲನ್ನು ನೆರೆಯವರಾದ ಸುಂದರಬಾಯಿ ಗಂಡ ಧೊಂಡಿಬಾ ಇವರು ದಿನಂಪ್ರತಿ ನಡೆಸಿ, ವಾರಕ್ಕೊಮ್ಮೆ ತಪ್ಪದೆ ಚಾರ್ಜು ಮಾಡಿರುತ್ತಾರೆ. ಹೀಗಿದ್ದಾಗ್ಯೂ ಬ್ಯಾಟರಿ ಕೆಟ್ಟಿರುತ್ತದೆ."

"ಅಕಿ ಒಂದು ದಿನ ಸುದ್ದಾ ನಡೆಸಿಲ್ಲೋ."

"ಅದಕ್ಕೇ ಸತ್ತದಲ್ಲ ಅದು! ಅದನ್ನ ಬರದ್ರ ಕಂಪನಿಯವ ಹೊಸಾದು ಕೊಡ್ತಾನೇನು? ಕೆಳಗ ಸುಂದರಬಾಯಿದು ಒಂದು ಅಂಗೂಠಾ ಬೇಕು, ಹೆಬ್ಬೆಟ್ಟಿನ ಗುರುತು. ಹಚ್ಚಿಸಿ ರಜಿಸ್ಟರ್ ಪೋಸ್ಟ್ ಮಾಡು. ಗ್ಯಾರಂಟಿ ಈ ತಿಂಗಳಿಗಿ ಮುಗೀತದ."

ರೊಟ್ಟಿ ಸೀದ ವಾಸನೆ ಬಂತು. ಗಿರಿಜಾಬಾಯಿ ಅದನ್ನು ತಿರುವಿ ಹಾಕಿದಳು.

ಸಂತಪುರದಲ್ಲಿ ಖಡಕ್ ರೊಟ್ಟಿ ಮಾಡಿ ಔರಾದಿನ ಖಾನಾವಳಿಗಳಿಗೆ ಕೊಟ್ಟು ಬರುವುದು ಅವಳ ಬದುಕು. ಮೊದಲು ರೊಟ್ಟಿಯ ಗಂಟು ಹೊತ್ತು ಬಸ್ಸಿಗೆ ಹೋಗುತ್ತಿದ್ದಳು. ತುಂಬಿದ ಬಸ್ಸಿನಲ್ಲಿ ಅರ್ಧ ರೊಟ್ಟಿ ಮುರಿದು ಚೂರಾಗುತ್ತಿದ್ದವು. ಚೂರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಆಗ ಕಾಲಿನ ಬೆಳ್ಳಿ ಕಡಗ ಮಾರಿ, ಬೀದರಿನ ಚೌಬಾರಾ ಹತ್ತಿರದ ಅಂಗಡಿಯಿಂದ ಆ ಸೈಕಲ್ ತಂದಳು.

ಕಲಿಸಿದವಳು ಪಕ್ಕದ ಮನೆಯ ಸುಂದರಬಾಯಿ. ಅವಳಿಗೂ ಸೈಕಲ್ ಗೊತ್ತಿರಲಿಲ್ಲ. ಆದರೆ ಕುರಿ ಹಿಂಡಿನ ಹಿಂದೆ ಓಡಿ ಬೆಳೆದ ಕಾಲು ಅವಳದು. ಖಾಲಿ ಹೊಲದಲ್ಲಿ ಕ್ಯಾರಿಯರ್ ಹಿಡಿದು ಓಡುವಳು, ಬಿದ್ದರೆ ನಕ್ಕು ಎಬ್ಬಿಸುವಳು, ಆಮೇಲೆ ತಾನೂ ಒಂದು ಸುತ್ತು ಹೊಡೆಯುವಳು. ಹೀಗೆ ಇಬ್ಬರೂ ಕಲಿತರು. ಗಿರಿಜಾಬಾಯಿ ಮೊದಲ ಸಲ ಊರ ನಡುವೆ ಬಂದಾಗ ಕಿರಾಣಿ ಅಂಗಡಿಯ ಹುಸೇನ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ್ದ.

"ಆಯೀ, ಲೈಸೆನ್ಸ್ ಎಲ್ಲದ?"

"ನಿಮ್ಮ ಎಮ್ಮಿಗಿ ಅದ ಏನು?"

"ಎಮ್ಮಿ ಹಾರ್ನ್ ಹೊಡಿಯಂಗಿಲ್ಲರಿ!"

"ನೀ ಅಡ್ಡ ಬರಬ್ಯಾಡ, ನಾನೂ ಹೊಡಿಯಂಗಿಲ್ಲ."

ಔರಾದಿನ ದಾರಿಯಲ್ಲಿ ಒಂದು ಏರು ಬರುತ್ತದೆ. ಅಲ್ಲಿ ಪೆಡಲ್ ತುಳಿಯುವುದನ್ನು ಬಿಟ್ಟು ಬಲಗೈ ಹಿಡಿಕೆಯನ್ನು ಸ್ವಲ್ಪ ತಿರುವಿದರೆ ಸಾಕು, ಸೈಕಲ್ ಗುಂಯ್ ಎಂದು ತಾನೇ ಹತ್ತುತ್ತಿತ್ತು. ಹಿಂದೆ ಕಟ್ಟಿದ ಬುಟ್ಟಿಯಲ್ಲಿ ರೊಟ್ಟಿ ಅಲುಗುತ್ತಿರಲಿಲ್ಲ. ಆ ಏರಿನಲ್ಲಿ ಗಿರಿಜಾಬಾಯಿ ಎಂದೂ ಅವಸರ ಮಾಡಲಿಲ್ಲ. ಹೆತ್ತವರು, ಗಂಡ, ಬಸ್ಸು, ಎಲ್ಲರೂ ಹೇಳಿದ ಹೊತ್ತಿಗೆ ಹೋಗಿ ಬಂದವಳು ಅವಳು. ತನಗೆ ಬೇಕಾದ ಹೊತ್ತಿಗೆ ಹೊರಟು, ಬೇಕಾದಲ್ಲಿ ನಿಂತು, ಬೇವಿನ ನೆರಳಿನಲ್ಲಿ ನೀರು ಕುಡಿದು ಮತ್ತೆ ಹೊರಡುವುದು ಅವಳಿಗೆ ಆ ಸೈಕಲ್ಲಿನ ಮೇಲೆಯೇ ಸಿಕ್ಕಿದ್ದು.

ಮಳೆ ಮತ್ತೊಂದು ವರ್ಷ ಕೈಕೊಟ್ಟಿತು. ಔರಾದಿನಲ್ಲಿ ಉಣ್ಣುವ ಕೂಲಿ ಮಂದಿಯೇ ಇಲ್ಲವಾಗಿ ಖಾನಾವಳಿಗಳು ಬಾಗಿಲು ಹಾಕಿದವು. ದೀಪಾವಳಿಯ ನಂತರ ಕಬ್ಬು ಕಡಿಯುವ ಟೋಳಿಯೊಂದು ಮಹಾರಾಷ್ಟ್ರಕ್ಕೆ ಹೊರಟಿತು. ಅವರಿಗೆ ಅಡಿಗೆ ಮಾಡಲು ಗಿರಿಜಾಬಾಯಿಯೂ ಭಾಲ್ಕಿಯಲ್ಲಿ ರೈಲು ಹತ್ತಿದಳು.

ಊರು ಬಿಡುವವರು ಮನೆಯ ಕೀಲಿಯನ್ನು ಸುಂದರಬಾಯಿಯ ಕೈಯಲ್ಲಿ ಕೊಟ್ಟು ಹೋಗುವುದು ಆ ಓಣಿಯ ರೂಢಿ. ಅವಳ ಅತ್ತೆಯ ಕಾಲದಿಂದ ಬಂದದ್ದು. ಕೊಟ್ಟದ್ದು ಅಮಾನತ್, ನಂಬಿ ಇಟ್ಟ ವಸ್ತು; ಅದನ್ನು ಬಳಸುವ ಹಾಗಿಲ್ಲ. ಒಮ್ಮೆ ಯಾರೋ ಹೊಸ ಮಂಚ ಇಟ್ಟು ಹೋಗಿದ್ದರು. ಸುಂದರಬಾಯಿ ಜ್ವರ ಬಂದಾಗಲೂ ಅದರ ಪಕ್ಕ ನೆಲದ ಮೇಲೆ ಮಲಗಿದ್ದಳು. ಗಿರಿಜಾಬಾಯಿಗೆ ಇದು ಗೊತ್ತಿತ್ತು. ಅದಕ್ಕೇ ಸೈಕಲ್ ಒಪ್ಪಿಸುವಾಗ ಒತ್ತಿ ಒತ್ತಿ ಹೇಳಿದ್ದಳು.

"ಇದು ಮಂಚ ಅಲ್ಲ ಮತ್ತ. ವಾರಕ್ಕೊಮ್ಮೆ ಚಾರ್ಜಿಗಿ ಹಚ್ಚು. ಟ್ಯಾಂಕರ್ ನೀರಿಗಿ ಇದರ ಮ್ಯಾಲೇ ಹೋಗು."

"ಹ್ಞೂಂ ಅಕ್ಕಾ, ನೀ ಆರಾಮ ಹೋಗಿ ಬಾ."

ಹೋಳಿ ಮುಗಿದ ಮೇಲೆ, ಔರಾದಿನ ಖಾನಾವಳಿಗಳು ಮತ್ತೆ ಬಾಗಿಲು ತೆರೆದವೆಂದು ಕೇಳಿ ಗಿರಿಜಾಬಾಯಿ ತಿರುಗಿ ಬಂದಳು. ಸೈಕಲ್ಲಿಗೆ ಒಂದು ಗೆರೆ ಬಿದ್ದಿರಲಿಲ್ಲ, ಗಾಲಿಗೆ ಮಣ್ಣಿರಲಿಲ್ಲ. ಸುಂದರಬಾಯಿ ಸಂದೂಕದ ಬೀಗ ತೆಗೆದು, ಕಂಬಳಿಯ ಗಂಟು ಬಿಚ್ಚಿ, ಒಳಗಿನ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಬೀಜದ ಕಾಳಿಗೆ ಹಾಕುವಂತೆ ಸುತ್ತಲೂ ಬೇವಿನ ಎಲೆ ಹಾಕಿಟ್ಟಿದ್ದಳು.

"ತಗೋ ಅಕ್ಕಾ, ನಿನ್ನ ಅಮಾನತ್. ಗಾಳಿ ಸುದ್ದಾ ತಾಕಿಲ್ಲ."

"ಚಾರ್ಜ್ ಹಚ್ಚಿದ್ದಿ ಇಲ್ಲೋ?"

"ಮಂದೀದು ವಸ್ತುನ ಹ್ಯಾಂಗ ಹಚ್ಚಲಿ? ಏನರ ಆದ್ರ?"

"ಮತ್ತ ನೀರು?"

"ತಲಿ ಅದ ಅಲ್ಲ." ಸುಂದರಬಾಯಿ ನಕ್ಕಳು. ನಗುವಾಗ ಕತ್ತು ಒಂದೇ ಕಡೆ ತಿರುಗಿತ್ತು. ಚಳಿಗಾಲವೆಲ್ಲ ಟ್ಯಾಂಕರ್ ನಿಲ್ಲುವಲ್ಲಿಂದ ಕೊಡ ಹೊತ್ತು ಹೊತ್ತು ಕತ್ತು ಇನ್ನೊಂದು ಕಡೆ ಹೊರಳುತ್ತಿರಲಿಲ್ಲ.

ಗುಂಡಿ ಒತ್ತಿದರೆ ದೀಪ ಹತ್ತಲಿಲ್ಲ. ರಾತ್ರಿಯೆಲ್ಲ ಚಾರ್ಜಿಗೆ ಇಟ್ಟರೂ ಹತ್ತಲಿಲ್ಲ. ಗಿರಿಜಾಬಾಯಿ ಬ್ಯಾಟರಿ ಹೊತ್ತು ಬೀದರಿಗೆ ಹೋದಳು. ಅಂಗಡಿಯ ಮೇಸ್ತ್ರಿ ಮಕ್ಸೂದ ಒಂದು ಸೂಜಿ ಹಚ್ಚಿ ನೋಡಿ ತಲೆ ಆಡಿಸಿದ.

"ಖಾಲಿ ಇಟ್ಟೀರಿ ಆಯಿ. ಖಾಲಿ ಇಟ್ರ ಇದು ಸಾಯ್ತದರಿ. ನಡೆಸಿದ್ರ ಬದುಕ್ತಿತ್ತು."

ಖಾಲಿ ಇಟ್ಟದ್ದಕ್ಕೆ ಗ್ಯಾರಂಟಿ ಇಲ್ಲ. ನಡೆಸಿ ಕೆಟ್ಟರೆ ಮಾತ್ರ ಉಂಟು. ನಡೆಸಿದವರ ಸಹಿ ಮಾಡಿದ ಕಾಗದವನ್ನು ಕಂಪನಿ ಕೇಳುತ್ತದೆ ಎಂದೂ ಅವನೇ ಹೇಳಿದ. ಹೊಸ ಬ್ಯಾಟರಿ ಕೊಳ್ಳಲು ಅವಳ ಕಾಲಿನಲ್ಲಿ ಇನ್ನೊಂದು ಜೊತೆ ಕಡಗ ಇರಲಿಲ್ಲ.

ಮಚ್ಛೇಂದ್ರ ಬರೆದ ಕಾಗದ ಹಿಡಿದು ಅವಳು ಸುಂದರಬಾಯಿಯ ಅಂಗಳಕ್ಕೆ ಹೋದದ್ದು ಅವನು ಅದನ್ನು ಓದಿ ಹೇಳಿದ ದಿನವೇ ಸಂಜೆ. ಸುಂದರಬಾಯಿ ಕುರಿಮರಿಗೆ ನೀರು ಕುಡಿಸುತ್ತಿದ್ದಳು. ಗಿರಿಜಾಬಾಯಿ ಓದಿದ್ದನ್ನು ಕೊನೆಯವರೆಗೂ ಕೇಳಿದಳು.

"ಅಂದ್ರ ನಾ ನಿನ್ನ ಸೈಕಲ್ ನಡೆಸೀನಿ ಅಂತ ಬರದೀರಿ."

"ಕಂಪನಿಗಿ ಅಷ್ಟೇ ಸುಂದರಾ. ಊರಿಗಿ ಅಲ್ಲ."

"ಅಂಗೂಠಾ ನಂದೇ ಅಲ್ಲೇನು? ಕಂಪನಿಗಿ ಬ್ಯಾರೆ, ಊರಿಗಿ ಬ್ಯಾರೆ ಅಂಗೂಠಾ ಇಲ್ಲ ನನಗ. ಅಮಾನತ್ ತಿಂದೀನಿ ಅಂತ ನಾ ಹಚ್ಚಂಗಿಲ್ಲ."

"ನೀ ನಡೆಸಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ. ಹೇಳಿ ಹೋಗಿದ್ದೆ ಇಲ್ಲೋ ನಾ?"

"ಎಲ್ಲಾರೂ ಹೇಳೇ ಹೋಗ್ತಾರ ಅಕ್ಕಾ, ಬಳಸು ಅಂತ. ಬಳಸಬಾರದು ಅಂತ ಗೊತ್ತಿದ್ದಕ್ಕೇ ಹೇಳ್ತಾರ."

ಗಿರಿಜಾಬಾಯಿ ಕಾಗದ ಮಡಚಿ ಮನೆಗೆ ತಂದು ರೊಟ್ಟಿ ಬುಟ್ಟಿಯ ಕೆಳಗೆ ಇಟ್ಟಳು.

ಮಚ್ಛೇಂದ್ರ ಸುಮ್ಮನಿರಲಿಲ್ಲ. ಭಾಲ್ಕಿಯ ಬಸ್ಸಿಗೆ ಕಾಯುತ್ತ ಹುಸೇನನ ಅಂಗಡಿಯ ಮುಂದೆ ಚಹಾ ಕುಡಿಯುವಾಗ ನಾಲ್ಕು ಮಂದಿಗೆ ಕೇಳುವಂತೆ ಹೇಳಿದ: ಸುಂದರಬಾಯಿ ದಿನಾ ನಡೆಸಿ ನಡೆಸಿ ಅಕ್ಕನ ಬ್ಯಾಟರಿ ಕೊಂದಳು. ಕಂಪನಿಯವರು ಫೋನಿನಲ್ಲಿ ವಿಚಾರಿಸಿದರೆ ಊರಿನಲ್ಲಿ ಒಂದೇ ಮಾತಿರಬೇಕು ಎಂಬುದು ಅವನ ಲೆಕ್ಕ.

ಊರು ಆ ಮಾತನ್ನು ಕಂಪನಿಗಾಗಿ ಕಾಯ್ದಿಡಲಿಲ್ಲ. ಟ್ಯಾಂಕರ್ ನೀರು ಸುರಿಯುವ ಬಾವಿಕಟ್ಟೆಯಲ್ಲಿ ಓಣಿಯ ಸಖುಬಾಯಿ ಕೇಳಿಯೇ ಬಿಟ್ಟಳು.

"ಸವಾರಿ ಮಸ್ತ್ ಆಯ್ತೇನವ್ವ ಸುಂದರಾ? ನೀರಿಗಿ ಮಾತ್ರ ನಡಕೋತ ಬಂದು ತೋರಿಸ್ತಿದ್ದಿ!"

ಗಿರಿಜಾಬಾಯಿ ಅಲ್ಲಿಯೇ ಇದ್ದಳು. ಕೊಡಕ್ಕೆ ಹಗ್ಗ ಕಟ್ಟಿ ಬಾವಿಗೆ ಬಿಡುತ್ತಿದ್ದಳು. 'ಇಲ್ಲವ್ವ, ಅಕಿ ಮುಟ್ಟಿಲ್ಲ' ಎಂದು ಹೇಳಲು ಬಾಯಿ ತೆರೆದಳು. ಗ್ಯಾರಂಟಿಯ ತಿಂಗಳು ಇನ್ನೂ ಮುಗಿದಿರಲಿಲ್ಲ. ಬಾಯಿ ಮುಚ್ಚಿ ಹಗ್ಗ ಸೇದಿದಳು. ಸುಂದರಬಾಯಿ ಕತ್ತು ತಿರುಗದೆ ಇಡೀ ಮೈ ತಿರುಗಿಸಿ ಅವಳನ್ನು ಒಮ್ಮೆ ನೋಡಿ, ಕೊಡ ಎತ್ತಿಕೊಂಡು ಹೋದಳು.

ಆ ವಾರ ಮಡೆಪ್ಪನ ಮನೆಯವರು ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೊರಟರು. ಸುಂದರಬಾಯಿ ಬಾಗಿಲಲ್ಲಿ ನಿಂತಿದ್ದಳು. ಕೀಲಿ ತೆಗೆದುಕೊಳ್ಳುವಾಗ ಹೊರಟವರ ಕೈಗೆ ಹಾಕುವ ಸಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಮಡೆಪ್ಪ ತಲೆ ಬಗ್ಗಿಸಿ ಅವಳ ಬಾಗಿಲು ದಾಟಿ, ಹುಸೇನನ ಗಲ್ಲಾಪೆಟ್ಟಿಗೆಯ ಮೇಲೆ ಕೀಲಿ ಇಟ್ಟು ಹೋದ. ಮೊದಲೇ ಕೊಟ್ಟುಹೋಗಿದ್ದವರೂ ಫೋನ್ ಮಾಡಿ, ನೆಂಟರನ್ನು ಕಳುಹಿಸಿ, ಒಬ್ಬೊಬ್ಬರಾಗಿ ಕೀಲಿ ಇಸಿದುಕೊಂಡರು.

ತಿಂಗಳು ಮುಗಿಯುವ ಮೊದಲೇ ಸುಂದರಬಾಯಿಯ ಗಂಡ ಧೊಂಡಿಬಾ ಕುರಿಗಳನ್ನು ತೆಲಂಗಾಣದ ಕಡೆ ಹೊಡೆಯುವುದೆಂದು ತೀರ್ಮಾನವಾಯಿತು. ಸುಂದರಬಾಯಿ ಪ್ರತಿ ವರ್ಷ ಕೀಲಿಗಳಿಗಾಗಿ ಊರಿನಲ್ಲಿ ಉಳಿಯುತ್ತಿದ್ದಳು. ಈ ಸಲ ಉಳಿಯಲು ಕಾರಣವಿರಲಿಲ್ಲ. ಹೊರಡುವ ಬೆಳಿಗ್ಗೆ ಅವಳು ಗಿರಿಜಾಬಾಯಿಯ ಮನೆಗೆ ಬಂದಳು. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ನಿಂತಳು.

"ಆ ಕಾಗದ ಕಳಿಸಿದಿ ಏನು?"

"ಇಲ್ಲ."

"ಯಾಕ?"

"ನೀ ಹಚ್ಚಂಗಿಲ್ಲ ಅಂದಿ."

"ತಾ."

ಗಿರಿಜಾಬಾಯಿ ತಂದಳು. ಮಸಿಯ ಡಬ್ಬಿಯೂ ತಂದಳು. ಸುಂದರಬಾಯಿ ಹೆಬ್ಬೆರಳು ಒತ್ತಿದಳು, ಎತ್ತಿ ನೋಡಿದಳು. ಗುರುತು ಸರಿಯಾಗಿ ಮೂಡಿರಲಿಲ್ಲವೆಂದು ಪಕ್ಕದಲ್ಲಿ ಮತ್ತೊಮ್ಮೆ ಒತ್ತಿದಳು.

"ಸುಂದರಾ, ನಾ ಊರಾಗ ಹೇಳ್ತೇನಿ. ಖರೇ ಏನು ಅಂತ ಎಲ್ಲಾರಿಗೂ..."

"ಬ್ಯಾಡ ಅಕ್ಕಾ. ಬಾವಿ ಮ್ಯಾಲ ಹೇಳೋದಿತ್ತು. ಈಗ ಹೇಳಿದ್ರ ನಿನ್ನ ಬ್ಯಾಟ್ರಿನೂ ಹೋಗ್ತದ." ಬೆರಳಿನ ಮಸಿಯನ್ನು ಬಾಗಿಲ ಚೌಕಟ್ಟಿಗೆ ಒರೆಸಿದಳು. "ನಡೆಸದೇನೇ ನಡೆಸೀನಿ ಅಂತ ಹ್ಯಾಂಗೂ ಬೈಸಿಕೊಂಡೀನಿ, ನೀರಿಗಿ ಖರೇನೇ ನಡೆಸಿದ್ರ ಕತ್ತಾದ್ರೂ ಉಳೀತಿತ್ತು."

ಕುರಿಗಳು ಆಗಲೇ ಓಣಿ ದಾಟಿದ್ದವು. ಅವಳು ತನ್ನ ಮನೆಗೆ ಬೀಗ ಹಾಕಿ, ಕೀಲಿಯನ್ನು ಯಾರಿಗೂ ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಧೂಳಿನ ಹಿಂದೆ ನಡೆದಳು.

ಗಿರಿಜಾಬಾಯಿ ಮುಂದಿನ ಬಸ್ಸಿಗೆ ಔರಾದಿಗೆ ಹೋದಳು. ಅಂಚೆ ಕಚೇರಿಯಲ್ಲಿ ಸಾಲು ನಿಂತಿತ್ತು. ಅವಳ ಸರದಿ ಬಂದಾಗ ಕಾಗದ ತೆಗೆದು ಒಮ್ಮೆ ಓದಿಕೊಂಡಳು. 'ದಿನಂಪ್ರತಿ ನಡೆಸಿ' ಎಂಬಲ್ಲಿ ಬೆರಳು ಇಟ್ಟಳು. ಹರಿದು ಹಾಕಿದರೆ ಸುಂದರಬಾಯಿ ತಿರುಗಿ ಬರುವುದಿಲ್ಲ, ಕೀಲಿಗಳೂ ಬರುವುದಿಲ್ಲ. ಕಳುಹಿಸಿದರೆ ಸೈಕಲ್ ಮತ್ತೆ ಏರು ಹತ್ತುತ್ತದೆ. ಲಕೋಟೆಯ ಬಾಯಿಗೆ ಗೋಂದು ಹಚ್ಚಿದಳು.

ಕಿಟಕಿಯ ಒಳಗಿನವನು ತೂಕ ಮಾಡಲು ಕೈ ಚಾಚಿ ಲಕೋಟೆಯ ಇನ್ನೊಂದು ತುದಿ ಹಿಡಿದ. ಅದು ಅವಳ ಕೈಯಿಂದ ಬರಲಿಲ್ಲ.

"ಬಿಡ್ರಿ ಆಯಿ," ಎಂದ ಅವನು. "ಹಿಂದ ಮಂದಿ ನಿಂತಾರ."

ಅವಳು ಬಿಟ್ಟಳು.