ಒಗ್ಗರಣೆ ಬಂದ್

ಸಿಡ್ನಿಯ ಗಿರಾವೀನ್‌ನಲ್ಲಿ ಮನೆ ಮಾರಾಟಕ್ಕಿಟ್ಟ ದಿನದಿಂದ ಶೈಲಜಾ ಒಗ್ಗರಣೆ ಹಾಕುವ ಹಾಗಿರಲಿಲ್ಲ. ವಾಸನೆಗೆ ಬಿಳಿಯರು ಬಾಗಿಲಲ್ಲೇ ವಾಪಸ್ ಹೋದಾರು ಅಂತ ಗಂಡ ವೀರೇಶನ ಅಪ್ಪಣೆ. ಇವತ್ತು ಮನೆ ನೋಡಲು ಜನ ಬರುವ ದಿನ. ಮನೆ ತೋರಿಸುವ ಕೆಲಸ ಏಜೆಂಟನಿಗೆ ಬಿಟ್ಟು ಗಂಡ ಹೆಂಡತಿ ಬೀದಿ ತುದಿಯಲ್ಲಿ ಕಾರೊಳಗೆ ಕಾಯುತ್ತಾ ಕೂತಿದ್ದರು. ವೀರೇಶ ಮೆಲ್ಬರ್ನಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಕೊರೆಯುತ್ತಿದ್ದ.

"ಬಿಳಿ ತೊಗಲಿನವರಿಗೆ ಸವಲತ್ತು ಅನ್ನೂದೆಲ್ಲಾ ಮೈಗಳ್ಳರ ಮಾತು ಲೇ ತಮ್ಮಾ. ನಾ ದುಡದು ಮ್ಯಾಲ ಬಂದೇನಿ. ಇಲ್ಲೆ ಯಾರೂ ಬಣ್ಣ ನೋಡೂದಿಲ್ಲ."

ವಾರವಿಡೀ ಸಪ್ಪೆ ಪಾಸ್ತಾ ತಿಂದು ನಾಲಿಗೆ ಕೆಟ್ಟಿದ್ದ ಶೈಲಜಾ ಮೈದುನನಿಗೂ ಕೇಳಿಸುವಂತೆ ಫೋನಿನತ್ತ ಬಾಗಿದಳು.

"ಹಂಗಾರ ಬಸವಣ್ಣನ ಫೋಟೋ, ನಮ್ಮ ಮದಿವಿ ಫೋಟೋ ಎರಡೂ ಗ್ವಾಡಿಯಿಂದ ಇಳಿಸಿ ಡಿಕ್ಕಿಯೊಳಗ ಯಾಕ ತುರಕೀರಿ?"