ತಿಳಿಯಾದ ನೀರು

ಚಿಕ್ಕಮ್ಮ ತಟ್ಟೆಗೆ ಬೇಯಿಸಿದ ಸೊಪ್ಪು ಬಡಿಸಿ, "ತಿನ್ನೇ, ನಿನ್ನ ನೀರಲ್ಲೇ ಬೆಳೆದಿದ್ದು" ಎಂದಾಗ ಇಂಜಿನಿಯರಮ್ಮನ ಕೈ ಅಲ್ಲೇ ನಿಂತಿತು.

"ಯಾವ ನೀರು?"

"ಬಣ್ಣದ ಕಾರ್ಖಾನೆ ಕಾಲುವೇದು. ಕೆಂಪಗಿದ್ದಾಗ ನಾಯಿ ಕೂಡ ಮೂಸ್ತಿರ್ಲಿಲ್ಲ. ನೀನು ತಿಳಿ ಮಾಡಿದ್ಮೇಲೆ ತಾನೇ ಹಿತ್ತಿಲಿಗೆ ತಿರುಗಿಸ್ಕೊಂಡಿದ್ದು!"

ನೆಲ ಬಾಯಿ ಬಿಟ್ಟಿದ್ದರೆ ಅವಳು ತಟ್ಟೆ ಸಮೇತ ಇಳಿದುಬಿಡುತ್ತಿದ್ದಳು.

ಕಾರ್ಖಾನೆಯ ಕೊಳಕು ನೀರಿಗೆಂದು ಅವಳು ಕಟ್ಟಿಸಿದ್ದು ಒಂದು ವಿಚಿತ್ರ ತೊಟ್ಟಿ. ಗಾಳಿಯಾಡದ ಅದರೊಳಗೆ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು, ಬಣ್ಣವನ್ನು ಒಡೆದು, ಜೊತೆಗೆ ಚೂರು ವಿದ್ಯುತ್ತನ್ನೂ ಕೊಡುತ್ತಿದ್ದವು. ಆ ವಿದ್ಯುತ್ತಿನಿಂದ ಪುಟ್ಟ ದೀಪವೊಂದು ಮಿಣಮಿಣ ಉರಿದ ದಿನ ಬೀದಿಗೆ ಬೀದಿಯೇ ನೋಡಲು ಬಂದಿತ್ತು. ಆದರೆ ಒಡೆದ ಬಣ್ಣದ ಚೂರುಗಳು ಕಣ್ಣಿಗೆ ಕಾಣದ ವಿಷ. ಅವನ್ನು ಮುಗಿಸಲು ಗಾಳಿಯೂದುವ ಇನ್ನೊಂದು ತೊಟ್ಟಿ ಬೇಕಿತ್ತು. "ಬಣ್ಣ ಹೋಯ್ತಲ್ಲಮ್ಮ, ಅದು ಆಮೇಲೆ ನೋಡೋಣ" ಎಂದರು ಕಾರ್ಖಾನೆಯ ಸಾಹುಕಾರರು. ಚಪ್ಪಾಳೆಗೆ ಕೊಂಬು ಬಂದಿದ್ದವಳಿಗೆ ಎದುರಾಡಲು ಮಾತ್ರ ಬಾಯಿ ಬರಲಿಲ್ಲ. ಕಾಲುವೆಯ ಗೇಟನ್ನು ತಾನೇ ತೆರೆದು ನೀರು ಬಿಟ್ಟಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

"ತಿನ್ಬೇಡ ಚಿಕ್ಕಮ್ಮ" ಎಂದು ಎಲ್ಲವನ್ನೂ ಹೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಚಿಕ್ಕಮ್ಮ ಬೈಯಲಿಲ್ಲ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಪಕ್ಕದ ಮನೆ ಬಾಣಂತಿಗೂ ಕೊಡ್ತಿದೀನಲ್ಲೇ, ನಮ್ಮ ಹುಡುಗಿ ನೀರು ಅಂತ ಹೇಳ್ಕೊಂಡು..."

ಇಬ್ಬರೂ ದಡಬಡಿಸಿ ಹೊರಟರು. ಮೆಟ್ಟಿಲಿಳಿಯುತ್ತಾ ಚಿಕ್ಕಮ್ಮ ಪಿಸುಗುಟ್ಟಿದರು: "ನೀನು ಸುಮ್ನಿರು. ಹುಳ ಬಿದ್ದಿದೆ ಅಂತೀನಿ. ನಿನ್ನ ಮಾನ ಯಾಕೆ ಹೋಗ್ಬೇಕು?"

ತಾಯಿಯಿಲ್ಲದ ತನ್ನನ್ನು ಸುಳ್ಳು ಹೇಳಬಾರದೆಂದು ಹೊಡೆದು ಬೆಳೆಸಿದ ಚಿಕ್ಕಮ್ಮ ಇವರು. ಅವಳಿಗೆ ತಲೆಯೆತ್ತಲಾಗಲಿಲ್ಲ.

ಬಾಣಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲು ತೆರೆದಳು. ಹಿಂದೆ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ಸೊಪ್ಪಿಗೆ ಹುಳ ಬಿದ್ದಿದೆ ಕಣಮ್ಮ, ಚೆಲ್ಬಿಡು" ಎಂದರು ಚಿಕ್ಕಮ್ಮ.

"ಅಯ್ಯೋ, ಹುಳ ತಾನೇ? ಚೆನ್ನಾಗಿ ತೊಳ್ದಿದೀನಿ ಬಿಡಿ. ದಿನಾ ತಿಂತಿಲ್ವಾ?" ಎಂದು ನಕ್ಕು, ಮಗುವನ್ನು ಇಂಜಿನಿಯರಮ್ಮನ ಕಡೆ ತಿರುಗಿಸಿದಳು. "ನೋಡೋ ಪುಟ್ಟ, ದೀಪದ ಅತ್ತೆ ಬಂದ್ರು!"

ಚಿಕ್ಕಮ್ಮ ಇಂಜಿನಿಯರಮ್ಮನ ಕೈ ಒತ್ತಿದರು. ಅವಳು ಬಿಡಿಸಿಕೊಂಡಳು.

"ಹುಳ ಅಲ್ಲ, ವಿಷ. ತೊಳೆದ್ರೆ ಹೋಗಲ್ಲ. ಗೊತ್ತಿದ್ದೂ ಆ ನೀರು ಬಿಟ್ಟವಳು ನಾನೇ."

ಬಾಣಂತಿ ಮಗುವನ್ನು ಎದೆಗವಚಿಕೊಂಡು ಹಿಂದಕ್ಕೆ ಸರಿದಳು.